ಜೀನ್ ವ್ಯತ್ಯಾಸ ಅಂದರೇನು? ಅಸ್ತಮಾಕ್ಕೂ ಅದಕ್ಕೂ ಏನು ನಂಟು?

ಅಜ್ಜಿಗೆ ಉಬ್ಬಸ ಇತ್ತು, ಅಪ್ಪನಿಗೂ ಇದೆ, ಈಗ ಮಗುವಿಗೂ ಶುರುವಾಯಿತು. 'ನಮ್ಮ ವಂಶದಲ್ಲೇ ಇದೆ ಬಿಡಿ' ಅಂತ ಮನೆಯವರು ಸುಮ್ಮನಾಗುತ್ತಾರೆ. ಆದರೆ ವಂಶದಲ್ಲಿ ಇಳಿದು ಬರುವುದು ಅಸ್ತಮಾ ಅಲ್ಲ, ಜೀನ್ ವ್ಯತ್ಯಾಸ. ಎರಡೂ ಬೇರೆ ಬೇರೆ.

ದೇಹಕ್ಕೆ ಬೇಕಾದ ಸೂಚನೆಗಳೆಲ್ಲ ಇರುವ ನಮ್ಮ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಒಂದು ಪ್ರೋಟೀನ್ ತಯಾರಿಸುವ ಸೂಚನೆ ಇರುವ ತುಂಡನ್ನು ಜೀನ್ ಅನ್ನುತ್ತಾರೆ. ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರ ಮತ್ತೆ ಮತ್ತೆ ಬರುತ್ತವೆ. ಯಾವ ಇಬ್ಬರನ್ನು ಹೋಲಿಸಿದರೂ ಶೇ. 99.9ರಷ್ಟು ಒಂದೇ. ಉಳಿದ ಚೂರಿನಲ್ಲೇ ಲಕ್ಷಾಂತರ ಕಡೆ ಅಕ್ಷರ ಬೇರೆಯಾಗಿರುತ್ತದೆ. ಹೀಗೆ ಒಂದೇ ಅಕ್ಷರ ಬದಲಾದ ಜಾಗಕ್ಕೆ 'ಸ್ನಿಪ್' ಅನ್ನುತ್ತಾರೆ. ಬಹಳಷ್ಟು ಸಲ ಇದರಿಂದ ಏನೂ ಆಗುವುದಿಲ್ಲ. ಆದರೆ 'ಹಾಲು' ಹೋಗಿ 'ಹಾಳು' ಆದರೆ ಅರ್ಥವೇ ಬೇರೆ ಅಲ್ವಾ? ಜೀನ್‌ನಲ್ಲೂ ಅಪರೂಪಕ್ಕೆ ಹಾಗಾಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಶ್ವಾಸನಾಳದ ಒಳಗೋಡೆಯ ಕೋಶಗಳಲ್ಲಿ ಸಿಡಿಎಚ್‌ಆರ್3 ಅನ್ನುವ ಪ್ರೋಟೀನ್ ಇರುತ್ತದೆ. ಅದರ ಜೀನ್‌ನಲ್ಲಿ ಒಂದು ಕಡೆ ಜಿ ಬದಲು ಎ ಬಂದರೆ ಆ ಪ್ರೋಟೀನ್ ಕೋಶದ ಹೊರಮೈಯಲ್ಲಿ ಜಾಸ್ತಿ ಕಾಣಿಸಿಕೊಳ್ಳುತ್ತದೆ. ಅದರಿಂದೇನು ತೊಂದರೆ ಅಂದರೆ, ನೆಗಡಿ ತರುವ ರೈನೋವೈರಸ್ ಸಿ ಹಿಡಿದುಕೊಳ್ಳುವುದು ಇದೇ ಪ್ರೋಟೀನನ್ನು, ಅಂದರೆ ವೈರಸ್‌ಗೆ ಒಳಗೆ ಬರಲು ಬಾಗಿಲುಗಳು ಹೆಚ್ಚಾದ ಹಾಗೆ. ಈ ಅಕ್ಷರ ಇರುವ ಪುಟ್ಟ ಮಕ್ಕಳಲ್ಲಿ ಆಸ್ಪತ್ರೆ ಸೇರುವಷ್ಟು ಜೋರಾದ ಉಬ್ಬಸ ಹೆಚ್ಚು ಕಂಡುಬಂದಿದೆ ಅಂತ 2014ರಲ್ಲಿ ಗೊತ್ತಾಯಿತು. ವೈರಸ್‌ನ ನಂಟು ಗೊತ್ತಾಗಿದ್ದು ಮರುವರ್ಷ. ಒಂದಕ್ಷರದಿಂದ ಮಗುವಿನ ಎದೆಯ ಸುಂಯ್ ಸದ್ದಿನ ತನಕ ದಾರಿ ಇಷ್ಟು ಸ್ಪಷ್ಟವಾಗಿ ಕಾಣುವುದು ಬಹಳ ಕಡಿಮೆ, ಅದಕ್ಕೇ ನನಗೆ ಈ ಉದಾಹರಣೆ ತುಂಬಾ ಇಷ್ಟ.

ಡಿಎನ್ಎ ಕೋಶದೊಳಗೆ ಕ್ರೋಮೋಸೋಮ್ ಅನ್ನುವ ಕಟ್ಟುಗಳಾಗಿ ಇರುತ್ತದೆ. ಇನ್ನೊಂದು ಮುಖ್ಯವಾದ ಜಾಗ 17ನೇ ಕ್ರೋಮೋಸೋಮ್‌ನಲ್ಲಿದೆ. 2007ರಲ್ಲಿ ಸಿಕ್ಕಿದ್ದು. ಬಾಲ್ಯದಲ್ಲಿ ಶುರುವಾಗುವ ಅಸ್ತಮಾಕ್ಕೆ ಇದರ ನಂಟು ಗಟ್ಟಿ, ದೊಡ್ಡವರಾದ ಮೇಲೆ ಬರುವ ಅಸ್ತಮಾಕ್ಕೆ ಅಷ್ಟಿಲ್ಲ. ಹೆಸರು ಒಂದೇ ಆದರೂ ಇವೆರಡರ ಬೇರು ಪೂರ್ತಿ ಒಂದೇ ಅಲ್ಲ.

ಇಂಥ ಜಾಗಗಳು ನೂರಕ್ಕೂ ಹೆಚ್ಚಿವೆ. ಒಂದೊಂದೂ ರಿಸ್ಕನ್ನು ಸ್ವಲ್ಪ ಸ್ವಲ್ಪ ಏರಿಸುತ್ತದೆ ಇಲ್ಲವೇ ಇಳಿಸುತ್ತದೆ. ಹೌದು, ಇಳಿಸುವುದೂ ಉಂಟು! ರೋಗನಿರೋಧಕ ವ್ಯವಸ್ಥೆಗೆ ಎಚ್ಚರಿಕೆ ಕೊಡುವ ಐಎಲ್-33 ಅನ್ನುವ ಪ್ರೋಟೀನಿನ ಜೀನ್‌ನ ಒಂದು ಅಪರೂಪದ ವ್ಯತ್ಯಾಸ ಇರುವವರಲ್ಲಿ ಅಸ್ತಮಾ ರಿಸ್ಕ್ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಐಸ್‌ಲ್ಯಾಂಡ್‌ನ ಜನರ ಅಧ್ಯಯನದಲ್ಲಿ ತಿಳಿಯಿತು. ಹಾಗಾಗಿ 'ಅಸ್ತಮಾ ಜೀನ್' ಅಂತ ಒಂದು ಇದೆ, ಅದು ಇದ್ದರೆ ಕಾಯಿಲೆ ಬಂದೇ ಬರುತ್ತದೆ ಅನ್ನುವುದು ತಪ್ಪು.

ರಿಸ್ಕ್ ಇದ್ದವರಿಗೆಲ್ಲ ಕಾಯಿಲೆ ಯಾಕೆ ಬರುವುದಿಲ್ಲ ಅಂದರೆ, ಜೀನ್ ಜೊತೆ ಹೊಗೆ, ಧೂಳು, ವೈರಸ್, ಬೆಳೆದ ವಾತಾವರಣ ಎಲ್ಲವೂ ಸೇರಬೇಕು. ಅಮೆರಿಕದ ಅಮಿಶ್ ಮತ್ತು ಹಟರೈಟ್ ಸಮುದಾಯಗಳನ್ನೇ ನೋಡಿ. ಇಬ್ಬರ ಪೂರ್ವಜರೂ ಯೂರೋಪಿನವರು, ಜೀನ್‌ಗಳೂ ತುಂಬಾ ಹತ್ತಿರ, ಇಬ್ಬರದೂ ಬೇಸಾಯ. ಆದರೂ ಮಕ್ಕಳಲ್ಲಿ ಅಸ್ತಮಾ ಅಮಿಶರಲ್ಲಿ ಸುಮಾರು ಶೇ. 5, ಹಟರೈಟರಲ್ಲಿ ಸುಮಾರು ಶೇ. 21. ಅಮಿಶ್ ಮಕ್ಕಳು ಮನೆ ಪಕ್ಕದ ಕೊಟ್ಟಿಗೆಯಲ್ಲೇ ಆಡಿ ಬೆಳೆಯುತ್ತಾರೆ, ಹಟರೈಟರದು ಯಂತ್ರಗಳಿಂದ ನಡೆಯುವ ದೊಡ್ಡ ಫಾರ್ಮ್. ಅಮಿಶ್ ಮನೆಗಳ ಧೂಳಿನಲ್ಲಿ ಬ್ಯಾಕ್ಟೀರಿಯಾದಿಂದ ಬರುವ ಎಂಡೋಟಾಕ್ಸಿನ್ ಸುಮಾರು ಏಳು ಪಟ್ಟು ಹೆಚ್ಚಿತ್ತು ಅಂತ 2016ರ ಅಧ್ಯಯನ ಹೇಳಿತು. ಆ ಧೂಳನ್ನು ಇಲಿಗಳ ಮೂಗಿಗೆ ಕೊಟ್ಟಾಗ ಅವಕ್ಕೂ ಅಸ್ತಮಾದಿಂದ ರಕ್ಷಣೆ ಸಿಕ್ಕಿತು.

ಮಗುವಿಗೆ ಉಬ್ಬಸ ಬಂದಾಗ 'ನನ್ನಿಂದಲೇ ಬಂತು' ಅಂತ ಕೊರಗುವ ಅಪ್ಪ ಅಮ್ಮಂದಿರಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ನೀವು ಕೊಟ್ಟಿದ್ದು ಕೆಲವು ಅಕ್ಷರಗಳನ್ನು, ಅದೂ ಆರಿಸಿ ಕೊಟ್ಟಿದ್ದಲ್ಲ.

ಹಾಗಂತ ಜೀನ್ ಟೆಸ್ಟ್ ಮಾಡಿಸಿ 'ಈ ಮಗುವಿಗೆ ಅಸ್ತಮಾ ಬರುತ್ತದೆ' ಅಂತ ಈಗ ಖಚಿತವಾಗಿ ಹೇಳಲು ಆಗುವುದಿಲ್ಲ. ಈ ಹುಡುಕಾಟದ ದೊಡ್ಡ ಲಾಭ ಔಷಧಿಯ ಕಡೆ ಇದೆ. ಅಸ್ತಮಾ ಇರುವವರ ಜೀನ್‌ಗಳನ್ನು ಹೋಲಿಸಿದಾಗ ಮತ್ತೆ ಮತ್ತೆ ಕಾಣಿಸಿಕೊಂಡ ಹೆಸರುಗಳಲ್ಲಿ ಟಿಎಸ್‌ಎಲ್‌ಪಿ ಕೂಡ ಒಂದು. ಶ್ವಾಸನಾಳ ಕೆರಳಿದಾಗ ಎಚ್ಚರಿಕೆ ಕೊಡುವ ಪ್ರೋಟೀನ್ ಅದು. ಅದನ್ನೇ ತಡೆಯುವ ಟೆಜೆಪೆಲುಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತೀವ್ರ ಅಸ್ತಮಾ ಇರುವವರಿಗೆ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ.