ಹೋದ ವಾರವೇ ಸಿ.ಟಿ. ಆಗಿದೆ, ಪೆಟ್ ಜೊತೆ ಮತ್ತೊಂದು ಯಾಕೆ?

ಪ್ರಶ್ನೆ: ಅಪ್ಪನಿಗೆ ಹೋದ ವಾರವಷ್ಟೇ ಎದೆಯ ಸಿ.ಟಿ. ಆಗಿದೆ. ಈಗ ಮಂಗಳೂರಿಗೆ ಹೋಗಿ ಪೆಟ್-ಸಿ.ಟಿ. ಮಾಡಿಸಲು ಬರೆದುಕೊಟ್ಟಿದ್ದಾರೆ. ಪೆಟ್ ಮಾತ್ರ ಮಾಡಿಸಿದರೆ ಸಾಲದೇ?
– ಬದಿಯಡ್ಕದ ಓದುಗರು

ಸಾಲದು. ಸಿ.ಟಿ. ತೋರಿಸುವುದು ಎಕ್ಸ್-ರೇಯಲ್ಲಿ ಕಾಣುವ ಒಳಗಿನ ಆಕಾರವನ್ನು; ಪೆಟ್ ತೋರಿಸುವುದು ಚುಚ್ಚಿದ ಮದ್ದು ಎಲ್ಲಿ ಸೇರಿದೆ ಎಂಬುದನ್ನು. ಆ ಮದ್ದು ಎಫ್.ಡಿ.ಜಿ., ಅಂದರೆ ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆ. ಅದನ್ನು ಹೆಚ್ಚು ಹೀರಿದ ಕಡೆ ಪೆಟ್‌ನಲ್ಲಿ ಚುಕ್ಕೆ ಹೊಳೆಯುತ್ತದೆ. ಗಡ್ಡೆಯಷ್ಟೇ ಅಲ್ಲ, ಮಿದುಳೂ ಹೀರುತ್ತದೆ. ಮೂತ್ರನಾಳದಲ್ಲಿ ಇಳಿಯುವ ಮೂತ್ರವೂ ಹೊಳೆಯುತ್ತದೆ. ಬೆನ್ನೆಲುಬಿನ ಪಕ್ಕದ ಚುಕ್ಕೆ ಲಿಂಫ್ ನೋಡೋ (ಕಾಯಿಲೆ ಹರಡಬಲ್ಲ ಚಿಕ್ಕ ಗ್ರಂಥಿ) ಮೂತ್ರನಾಳವೋ ಎಂದು ತಿಳಿಯಲು ಸಿ.ಟಿ.ಯ ಮೇಲೆ ಅದನ್ನು ಕೂರಿಸಿ ನೋಡಬೇಕು. ಮೈಗೆ ಚಳಿಯಾದರೆ ಕತ್ತಿನ ಕಂದು ಕೊಬ್ಬು (ಮೈ ಬೆಚ್ಚಗಿಡುವ ಕೊಬ್ಬು) ಕೂಡ ಹೊಳೆಯುತ್ತದೆ. ಅಲ್ಲಿ ಗಂಟಿಲ್ಲ, ಬರೀ ಕೊಬ್ಬು ಎಂದು ತೋರಿಸುವುದೂ ಸಿ.ಟಿ.ಯೇ. (ಹೋಗುವಾಗ ಕಾರಿನ ಏಸಿ ಬೇಡ, ಅಪ್ಪನಿಗೆ ಒಂದು ಶಾಲು ಇರಲಿ.)

ಹಳೆಯ ಸಿ.ಟಿ. ಈ ಕೆಲಸಕ್ಕೆ ಒದಗುವುದಿಲ್ಲ. ಒಳಗಿನಿಂದ ಬರುವ ಕಿರಣಗಳಲ್ಲಿ ಒಂದಷ್ಟನ್ನು ಮೈಯೇ ತಡೆಯುತ್ತದೆ. ಆ ನಷ್ಟವನ್ನು ಸಿ.ಟಿ. ತೋರಿಸುವ ಮೈಯ ಸಾಂದ್ರತೆ ನೋಡಿ ಯಂತ್ರ ತುಂಬಿಕೊಡುತ್ತದೆ. ಅದಕ್ಕೆ ಅದೇ ಹಾಸಿಗೆ, ಅದೇ ಭಂಗಿ ಬೇಕು. ಉಸಿರಿನ ತೊಂದರೆ ಇನ್ನೂ ದೊಡ್ಡದು. ಎದೆಯ ಸಿ.ಟಿ.ಯನ್ನು ಉಸಿರು ತುಂಬಿ ಹಿಡಿಸಿ ತೆಗೆಯುತ್ತಾರೆ, ಪೆಟ್ ನಡೆಯುವಾಗ ಉಸಿರಾಟ ಸಾಗುತ್ತಲೇ ಇರುತ್ತದೆ. ವಪೆ (ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಮೇಲೆ ಕೆಳಗೆ ಆಗಿ, ಲಿವರಿನ ನೆತ್ತಿಯ ಗಡ್ಡೆ ಶ್ವಾಸಕೋಶದ ಬುಡದಲ್ಲಿ ಇದ್ದಂತೆ ಕಾಣಬಹುದು. ಕಾಯಿಲೆ ಹರಡಿದೆ ಎಂಬ ತಪ್ಪು ತೀರ್ಮಾನಕ್ಕೆ ಅಷ್ಟು ಸಾಕು. ಹಾಗಾಗಿ ಎರಡೂ ನಡೆಯುವಾಗ ಮೆಲ್ಲಗೆ ಉಸಿರಾಡಲು ಹೇಳುತ್ತಾರೆ. ಸೊಂಟಕ್ಕೆ ಹಾಕಿದ ಲೋಹ ಇದ್ದರೆ ಮೊದಲೇ ತಿಳಿಸಿ: ಲೋಹದ ಸುತ್ತ ಆ ನಷ್ಟ ತುಂಬುವ ತಿದ್ದುಪಡಿ ಅತಿಯಾಗಿ ಸುಳ್ಳು ಹೊಳಪು ಬರುತ್ತದೆ, ಆಗ ತಿದ್ದದ ಚಿತ್ರವನ್ನೂ ನೋಡಬೇಕಾಗುತ್ತದೆ.

ಪೆಟ್ ಬಿಡಿಸಿ ತೋರಿಸುವುದು ಸುಮಾರು 4ರಿಂದ 6 ಮಿ.ಮೀ. ತನಕ. 1 ಸೆಂ.ಮೀ.ಗಿಂತ ಚಿಕ್ಕ ಗಂಟಿನ ಹೊಳಪು ಸುತ್ತ ಹರಡಿ ಮಸುಕಾಗುತ್ತದೆ. ಸಿ.ಟಿ.ಯಲ್ಲಿ ಕಂಡ 5 ಮಿ.ಮೀ. ಗಂಟು ಪೆಟ್‌ನಲ್ಲಿ ಹೊಳೆಯದಿದ್ದರೆ ಅದು ನಿರಪಾಯ ಎಂದುಕೊಳ್ಳಬೇಡಿ.

ಹಿಂದಿನ ದಿನ ತೋಟದಲ್ಲಿ ಹೊರೆ ಹೊರುವ ಕೆಲಸ ಬೇಡ, ದಣಿದ ಸ್ನಾಯುಗಳೂ ಸಕ್ಕರೆ ಹೀರುತ್ತವೆ. 6 ಗಂಟೆ ಉಪವಾಸ. ನೀರು ಕುಡಿಯಬಹುದು, ಚಾ ಬೇಡ. ರಕ್ತದ ಸಕ್ಕರೆ 200 ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದೂಡುತ್ತಾರೆ. ಸಕ್ಕರೆ ಕಾಯಿಲೆಯ ಮದ್ದು ಯಾವಾಗ ತೆಗೆದುಕೊಳ್ಳಬೇಕೆಂದು ದಿನ ಗೊತ್ತು ಮಾಡುವಾಗಲೇ ಕೇಳಿ. ಚುಚ್ಚಿದ ಮೇಲೆ ಸುಮಾರು 1 ಗಂಟೆ ಮಾತಿಲ್ಲದೆ ಮಲಗಿದ್ದು, ಮೂತ್ರ ಮಾಡಿ ಬಂದು ಯಂತ್ರಕ್ಕೆ ಹೋಗಬೇಕು.

ಹಳೆಯ ಸಿ.ಟಿ.ಯ ಫಿಲ್ಮ್ ಮಾತ್ರ ಒಯ್ಯಬೇಡಿ, ಸಿ.ಡಿ.ಯೂ ಇರಲಿ. ಗಂಟು ಬೆಳೆದಿದೆಯೇ ಎಂದು ಅಳೆಯಲು ಅದು ಬೇಕಾಗುತ್ತದೆ.