ಬ್ರೆಕ್ಸಿಟ್‌ನಿಂದ ದುಡ್ಡು ಉಳೀತಲ್ವಾ, ಮತ್ತೆ ಜನಕ್ಕೆ ಸಿಟ್ಟು ಯಾಕೆ?

ಓದುಗರ ಪ್ರಶ್ನೆ: ಬ್ರಿಟನ್ ಪ್ರತಿ ವಾರ ಯುರೋಪಿಯನ್ ಯೂನಿಯನ್‌ಗೆ 35 ಕೋಟಿ ಪೌಂಡ್ ಕಟ್ಟುತ್ತಿತ್ತಂತೆ. ಹೊರಗೆ ಬಂದ ಮೇಲೆ ಅದೆಲ್ಲ ಉಳಿದಿರಬೇಕಲ್ವಾ? ಆದರೂ ಅಲ್ಲಿನ ಜನ ಬ್ರೆಕ್ಸಿಟ್ ಅಂದರೆ ಯಾಕೆ ಇಷ್ಟು ರೇಗುತ್ತಾರೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಬರುತ್ತದೆ. ಕೇಳುವವರು ಬೇರೆ, ಮಾತು ಬೇರೆ, ಆದರೆ ಒಳಗಿರುವ 35 ಕೋಟಿ ಮಾತ್ರ ಅದೇ. ಹಾಗಾಗಿ ಈ ಸಲ ಮೊದಲು ಆ ಲೆಕ್ಕವನ್ನೇ ಪೂರ್ತಿ ಬಿಡಿಸಿ ಇಡುತ್ತೇನೆ. ಸಿಟ್ಟಿನ ವಿಷಯ ಆಮೇಲೆ.

ಈ ಅಂಕಿ ಬಂದಿದ್ದು ಒಂದು ಬಸ್ಸಿನಿಂದ. ಯುರೋಪಿಯನ್ ಯೂನಿಯನ್‌ನಲ್ಲಿ ಉಳಿಯೋಣವೋ ಹೊರಗೆ ಹೋಗೋಣವೋ ಎಂದು ಬ್ರಿಟನ್ನಿನ ಜನರನ್ನು ಕೇಳಿದ 2016ರ ಜನಮತಗಣನೆಗೆ ಮುಂಚೆ, ಹೊರಗೆ ಹೋಗೋಣ ಎಂದ 'ವೋಟ್ ಲೀವ್' ಬಣ ಕೆಂಪು ಬಸ್ಸೊಂದನ್ನು ಊರೂರಿಗೆ ಓಡಿಸಿತು. ವಾರಕ್ಕೆ 350 ಮಿಲಿಯನ್ ಪೌಂಡ್ ಯುರೋಪಿಗೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಎನ್‌ಎಚ್‌ಎಸ್‌ಗೆ ಕೊಡೋಣ ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ. ಬ್ರಿಟನ್ನಿನ ಜನ ಪ್ರಾಣದಂತೆ ಪ್ರೀತಿಸುವ ಸಂಸ್ಥೆ ಅದು. ಮಾತು ನೇರವಾಗಿ ನಾಟಿತು.

ಈಗ ಲೆಕ್ಕ ನೋಡಿ. 2015ರಲ್ಲಿ ಬ್ರಿಟನ್ನಿನ ಪಾಲು ಸುಮಾರು 1780 ಕೋಟಿ ಪೌಂಡ್ ಎಂದು ನಿಗದಿಯಾಗಿತ್ತು. ಅದನ್ನು 52 ವಾರಕ್ಕೆ ಹಂಚಿದರೆ ಹೆಚ್ಚುಕಮ್ಮಿ ಬಸ್ಸಿನ ಮೇಲಿನ ಸಂಖ್ಯೆಯೇ ಸಿಗುತ್ತದೆ. ಆದರೆ ಅಷ್ಟು ದುಡ್ಡು ಬ್ರಿಟನ್ ಬಿಟ್ಟು ಹೋಗುತ್ತಲೇ ಇರಲಿಲ್ಲ. 1984ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಠ ಹಿಡಿದು ಒಂದು ರಿಯಾಯಿತಿ ಗಿಟ್ಟಿಸಿಕೊಂಡಿದ್ದರು. ಆ ಮೊತ್ತವನ್ನು ಮೊದಲೇ ಕಳೆದು, ಉಳಿದದ್ದನ್ನಷ್ಟೇ ಕಟ್ಟಬೇಕಿತ್ತು. 2015ರಲ್ಲಿ ಆ ರಿಯಾಯಿತಿಯೇ ಸುಮಾರು 490 ಕೋಟಿ. ಅಂದರೆ ನಿಜವಾಗಿ ಕಳಿಸಿದ್ದು 1290 ಕೋಟಿ. ವಾರಕ್ಕೆ 35 ಅಲ್ಲ, ಸುಮಾರು 25 ಕೋಟಿ.

ಇಲ್ಲಿಗೆ ಮುಗಿಯಲಿಲ್ಲ. ಕಳಿಸಿದ ಹಣದಲ್ಲಿ ಒಂದು ಪಾಲು ವಾಪಸ್ ಬರುತ್ತಿತ್ತು. ರೈತರಿಗೆ ಸಹಾಯಧನ, ಹಿಂದುಳಿದ ಪ್ರದೇಶಗಳಿಗೆ ರಸ್ತೆ, ಕಾಲೇಜು, ತರಬೇತಿ, ಹೀಗೆ 2015ರಲ್ಲಿ ಸುಮಾರು 440 ಕೋಟಿ. ಅದನ್ನೂ ಕಳೆದರೆ ನಿಲ್ಲುವುದು 850 ಕೋಟಿ, ವಾರಕ್ಕೆ 16 ಕೋಟಿ ಚಿಲ್ಲರೆ. ಬಸ್ಸಿನ ಮೇಲಿದ್ದದ್ದರ ಅರ್ಧವೂ ಇಲ್ಲ. ಬ್ರಿಟನ್ ಸರ್ಕಾರದ ಆ ವರ್ಷದ ಒಟ್ಟು ಖರ್ಚಿನಲ್ಲಿ ಇದು ನೂರಕ್ಕೆ ಒಂದರ ಆಸುಪಾಸು.

ಇದು ಆಮೇಲೆ ಗೊತ್ತಾದ ಸಂಗತಿಯೂ ಅಲ್ಲ. ಮತದಾನಕ್ಕೆ ಮೊದಲೇ ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರ ಈ ಸಂಖ್ಯೆ ದಾರಿ ತಪ್ಪಿಸುತ್ತದೆ ಎಂದು ಹೇಳಿತ್ತು. 2017ರಲ್ಲಿ, ಆಗ ವಿದೇಶಾಂಗ ಸಚಿವರಾಗಿದ್ದ ಬೋರಿಸ್ ಜಾನ್ಸನ್ ಅದನ್ನೇ ಮತ್ತೆ ಹೇಳಿದಾಗ, ಇದು ಅಧಿಕೃತ ಅಂಕಿಅಂಶದ ಸ್ಪಷ್ಟ ದುರ್ಬಳಕೆ ಎಂದು ಪ್ರಾಧಿಕಾರದ ಅಧ್ಯಕ್ಷರೇ ಅವರಿಗೆ ಪತ್ರ ಬರೆದರು. ಮತದಾನದ ಮರುದಿನ ಬೆಳಗ್ಗೆ ಟಿವಿಯಲ್ಲಿ ನೈಜೆಲ್ ಫರಾಜ್ ಅವರನ್ನು ಆ ಹಣ ಎನ್‌ಎಚ್‌ಎಸ್‌ಗೆ ಹೋಗುತ್ತದಾ ಎಂದು ಕೇಳಿದರು. ಖಾತರಿ ಕೊಡಲಾರೆ, ಹಾಗೆ ಹೇಳಿದ್ದೇ ತಪ್ಪು ಎಂದುಬಿಟ್ಟರು. ಅವರು ಬ್ರೆಕ್ಸಿಟ್‌ಗಾಗಿಯೇ ವರ್ಷಗಟ್ಟಲೆ ಹೋರಾಡಿದವರು, ಬಸ್ಸು ಓಡಿಸಿದ ಬಣದವರಲ್ಲ. ಇಷ್ಟೆಲ್ಲ ದಾಖಲೆಯಲ್ಲಿದ್ದರೂ ಈ 35 ಕೋಟಿ ಇವತ್ತಿಗೂ ನಮ್ಮ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಸರಿ, 850 ಕೋಟಿಯಾದರೂ ಉಳೀತಲ್ವಾ ಎಂದು ಕೇಳುತ್ತೀರಿ. ಇಲ್ಲೇ ಎಲ್ಲರೂ ಎಡವುವುದು. ಎಪಿಎಂಸಿ ಯಾರ್ಡಿನಲ್ಲಿ ಅಂಗಡಿ ಇಟ್ಟವರು ಬಾಡಿಗೆ ಕಟ್ಟುತ್ತಾರೆ. ಬಾಡಿಗೆ ಜಾಸ್ತಿಯಾಯಿತೆಂದು ಯಾರ್ಡ್ ಬಿಟ್ಟು ಹೊರಗೆ ಹೋದರೆ ಬಾಡಿಗೆ ಖಂಡಿತ ಉಳಿಯುತ್ತದೆ. ಆದರೆ ನೋಡಬೇಕಾದ್ದು ಆಮೇಲಿನ ವ್ಯಾಪಾರವನ್ನು.

ಆ ವ್ಯಾಪಾರದ ಅಂದಾಜು ಬ್ರಿಟನ್ ಸರ್ಕಾರದ ಹಣಕಾಸು ಲೆಕ್ಕವನ್ನು ಪರಿಶೀಲಿಸುವ ಸ್ವತಂತ್ರ ಸಂಸ್ಥೆ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿಯ ಬಳಿ ಇದೆ. ಒಳಗೇ ಉಳಿದಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ನಿಧಾನಕ್ಕೆ ಶೇಕಡ 4ರಷ್ಟು ಕಮ್ಮಿಯಾಗುತ್ತದೆ, ಆಮದು ರಫ್ತು ಎರಡೂ ಶೇಕಡ 15ರಷ್ಟು ಕಮ್ಮಿಯಾಗುತ್ತವೆ ಎನ್ನುತ್ತದೆ ಅದು. ಬ್ರಿಟನ್ನಿನ ಒಟ್ಟು ಉತ್ಪನ್ನ ವರ್ಷಕ್ಕೆ ಎರಡೂವರೆ ಲಕ್ಷ ಕೋಟಿ ಪೌಂಡಿಗಿಂತ ಜಾಸ್ತಿ. ಅದರಲ್ಲಿ ಶೇಕಡ 4 ಅಂದರೆ 10,000 ಕೋಟಿ. ಅಲ್ಲಿನ ಸರ್ಕಾರಕ್ಕೆ ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆರಿಗೆಯಾಗಿ ಬರುತ್ತದೆ. ಹಾಗಾದರೆ ಖಜಾನೆಗೆ ಬರದೇ ಹೋಗುವ ತೆರಿಗೆ ವರ್ಷಕ್ಕೆ 3,000 ಕೋಟಿ ದಾಟುತ್ತದೆ. ಇದು ಅಂದಾಜು, ನಿಜ. ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಸರಿ, ನಷ್ಟವನ್ನು ಅರ್ಧಕ್ಕೆ ಇಳಿಸಿ. ಆಗಲೂ ಉಳಿತಾಯಕ್ಕಿಂತ ನಷ್ಟವೇ ದೊಡ್ಡದು. ಇದರ ಜೊತೆಗೆ, ಹೊರಡುವ ಮುಂಚೆ ಒಪ್ಪಿಕೊಂಡಿದ್ದ ಬಾಕಿ ತೀರಿಸಲು ಸುಮಾರು 3,000 ಕೋಟಿ ಪೌಂಡ್ ಬೇರೆ.

ವಾಪಸ್ ಬರುತ್ತಿದ್ದ 440 ಕೋಟಿಯ ಕಥೆಯೂ ಇದೆ. ಇಂಗ್ಲೆಂಡಿನ ತುತ್ತತುದಿಯ ಕಾರ್ನ್‌ವಾಲ್ ಬಡ ಪ್ರದೇಶ. ಯುರೋಪಿನ ಅಭಿವೃದ್ಧಿ ನಿಧಿಯಿಂದ ದೊಡ್ಡ ಮೊತ್ತ ಪಡೆದ ಜಾಗ. ಅಲ್ಲಿ ನೂರಕ್ಕೆ 56 ಜನ ಹೊರಗೆ ಹೋಗೋಣ ಎಂದೇ ಮತ ಹಾಕಿದರು. ಫಲಿತಾಂಶ ಬಂದ ತಕ್ಷಣ ಅಲ್ಲಿನ ಕೌನ್ಸಿಲ್, ನಮಗೆ ಬರುತ್ತಿದ್ದ ಹಣ ನಿಲ್ಲಬಾರದು ಎಂದು ಲಂಡನ್ನಿಗೆ ಮನವಿ ಮಾಡಿತು. ಅವರನ್ನು ದಡ್ಡರು ಅನ್ನಬೇಡಿ, ದಯವಿಟ್ಟು. ದಶಕಗಳಿಂದ ಕೆಲಸ, ಮನೆ, ಆಸ್ಪತ್ರೆ ಯಾವುದೂ ಸರಿಯಿಲ್ಲದ ಊರಿನವರಿಗೆ ಮೊದಲ ಸಲ ತಮ್ಮ ಮತಕ್ಕೆ ತೂಕ ಇದೆ ಅನಿಸಿತ್ತು.

ಇನ್ನು ಸಿಟ್ಟು. ಉಳಿಯೋಣ ಎಂದಿದ್ದ 48.1% ಜನರದ್ದು ಮಾತ್ರ ಎಂದು ನಮ್ಮಲ್ಲಿ ಭಾವಿಸುತ್ತಾರೆ. ಹಾಗಿಲ್ಲ. ಹೊರಗೆ ಎಂದು ಮತ ಹಾಕಿದ 51.9% ಜನರಲ್ಲೂ ಬಹಳಷ್ಟು ಮಂದಿಗೆ ಮೋಸ ಹೋದೆವು ಎಂಬ ಭಾವನೆ ಇದೆ. ಮೀನುಗಾರರಿಗೆ ಸಮುದ್ರ ಪೂರ್ತಿ ನಿಮ್ಮದು ಎಂದಿದ್ದರು. 2025ರ ಮೇ ತಿಂಗಳಲ್ಲಿ ಯುರೋಪಿನ ದೋಣಿಗಳಿಗೆ ಇನ್ನೂ 12 ವರ್ಷ ಪ್ರವೇಶ ಕೊಟ್ಟರು. ಚೀಸ್, ಮಾಂಸ ಕಳಿಸುವ ಸಣ್ಣ ವ್ಯಾಪಾರಿ ಪ್ರತಿ ಲೋಡಿಗೂ ಆರೋಗ್ಯ ಪ್ರಮಾಣಪತ್ರ ಮಾಡಿಸಬೇಕು. ಸ್ಕಾಟ್ಲೆಂಡಿನ 62% ಜನ ಉಳಿಯೋಣ ಎಂದಿದ್ದರು, ಅವರನ್ನೂ ಹೊರಗೆ ಎಳೆದುಕೊಂಡು ಹೋದರು. ಈಚಿನ ವರ್ಷಗಳ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈ ನಿರ್ಧಾರ ತಪ್ಪಾಯಿತು ಎನ್ನುತ್ತಿದ್ದಾರೆ.

ಹಾಗಾದರೆ ವಾಪಸ್ ಸೇರಬಾರದಾ? ಸೇರಬಹುದು, ಆದರೆ ಹಳೇ ಜಾಗ ಹಾಗೇ ಖಾಲಿ ಬಿದ್ದಿಲ್ಲ. ಹೊಸ ದೇಶದಂತೆ ಅರ್ಜಿ ಹಾಕಬೇಕು, 27 ದೇಶಗಳೂ ಒಪ್ಪಬೇಕು. ಥ್ಯಾಚರ್ ಗಿಟ್ಟಿಸಿದ ರಿಯಾಯಿತಿ, ಯೂರೋ ಬೇಡ ಎನ್ನುವ ವಿನಾಯಿತಿ ಮತ್ತೆ ಸಿಗುವ ಭರವಸೆ ಇಲ್ಲ. 2024ರಲ್ಲಿ ಗೆದ್ದ ಲೇಬರ್ ಪಕ್ಷ ಕೂಡ ಗಡಿ ತಡೆಯಿಲ್ಲದೆ ವ್ಯಾಪಾರ ನಡೆಯುವ ಯುರೋಪಿನ ಏಕ ಮಾರುಕಟ್ಟೆಗೆ ಮರಳುವುದಿಲ್ಲ ಎಂದು ಪ್ರಣಾಳಿಕೆಯಲ್ಲೇ ಬರೆದಿತ್ತು. ದಿನನಿತ್ಯ ತೊಂದರೆ ಅನುಭವಿಸುವವರಿಗೆ ಇದೇ ಹೆಚ್ಚು ಉರಿ. ತಪ್ಪಾಯಿತು ಎಂದು ಒಪ್ಪುವವರು ಜಾಸ್ತಿಯಾದರೂ ಬಾಗಿಲು ತಟ್ಟುವ ಸರ್ಕಾರ ಮಾತ್ರ ಕಾಣುತ್ತಿಲ್ಲ.

ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳಲೇಬೇಕು. ವಲಸೆ ಕಮ್ಮಿಯಾಗಲಿ ಎಂದು ಮತ ಹಾಕಿದವರು ಲಕ್ಷಗಟ್ಟಲೆ ಇದ್ದರು. ಆಗಿದ್ದು ಉಲ್ಟಾ. ಬಂದವರಲ್ಲಿ ಹೋದವರನ್ನು ಕಳೆದರೆ, 2023ರ ಜೂನ್‌ಗೆ ಮುಗಿದ ಒಂದೇ ವರ್ಷದಲ್ಲಿ ಉಳಿದವರು 9 ಲಕ್ಷ ದಾಟಿದ್ದರು. ಯುರೋಪಿನವರ ಬದಲು ಭಾರತ, ನೈಜೀರಿಯಾದಂಥ ದೇಶಗಳಿಂದ ಜನ ಬಂದರು. ಇದಕ್ಕೆ ಕಾರಣ 2021ರಿಂದ ಬ್ರಿಟನ್ ಸರ್ಕಾರವೇ ಮಾಡಿದ ವೀಸಾ ನಿಯಮಗಳು. ಓದು ಮುಗಿಸಿದವರಿಗೆ ಎರಡು ವರ್ಷ ಕೆಲಸ ಹುಡುಕಲು ಅವಕಾಶ ಕೊಟ್ಟರು. ವೃದ್ಧರ ಆರೈಕೆಯ ಕೆಲಸಕ್ಕೆ ವೀಸಾ ತೆರೆದರು. ನಮ್ಮ ಕಡೆಯಿಂದ ಎಷ್ಟೋ ಹುಡುಗ ಹುಡುಗಿಯರು ಆಗ ಹೋದರು. ಆಮೇಲೆ ಜನರ ಸಿಟ್ಟು ಏರಿದಾಗ ನಿಯಮ ಬಿಗಿಯಾಯಿತು. 2024ರ ಏಪ್ರಿಲ್‌ನಲ್ಲಿ ಕೆಲಸದ ವೀಸಾಕ್ಕೆ ಬೇಕಾದ ಸಂಬಳದ ಮಿತಿ 26,200 ಪೌಂಡಿನಿಂದ ಒಮ್ಮೆಲೇ 38,700ಕ್ಕೆ ಏರಿತು. ಬ್ರೆಕ್ಸಿಟ್ ಸಿಟ್ಟಿನ ಬಿಸಿ ಕೊನೆಗೆ ನಮ್ಮ ಮಕ್ಕಳಿಗೂ ತಟ್ಟಿದ್ದು ಹೀಗೆ.

ಯುರೋಪ್ ಪ್ರವಾಸದ ಬಗ್ಗೆಯೂ ಗೊಂದಲ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಲಂಡನ್ನಿನಲ್ಲಿ ಇರುವ ಕನ್ನಡಿಗರಿಗೆ ಬ್ರೆಕ್ಸಿಟ್‌ನಿಂದ ಇದರಲ್ಲಿ ಏನೂ ಬದಲಾಗಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್. ಬ್ರಿಟನ್ ಎಂದೂ ಅದರಲ್ಲಿ ಇರಲೇ ಇಲ್ಲ. ಪ್ಯಾರಿಸ್ಸಿಗೆ ಹೋಗಲು ಮೊದಲೂ ವೀಸಾ ಬೇಕಿತ್ತು, ಈಗಲೂ ಬೇಕು. ಬದಲಾಗಿದ್ದು ಬ್ರಿಟಿಷ್ ಪೌರತ್ವ ತೆಗೆದುಕೊಂಡವರಿಗೆ. ಮೊದಲು ಬರ್ಲಿನ್‌ನಲ್ಲೋ ಡಬ್ಲಿನ್‌ನಲ್ಲೋ ಮನೆ ಮಾಡಿ ಕೆಲಸಕ್ಕೆ ಸೇರಬಹುದಿತ್ತು. ಡಬ್ಲಿನ್ ಬಾಗಿಲು ಈಗಲೂ ತೆರೆದಿದೆ, ಏಕೆಂದರೆ ಐರ್ಲೆಂಡ್ ಜೊತೆ ಬ್ರಿಟನ್ನಿಗೆ ಬೇರೆಯದೇ ಹಳೇ ಒಪ್ಪಂದ ಇದೆ. ಬರ್ಲಿನ್‌ಗೆ ಹೋದರೆ ವೀಸಾ ಇಲ್ಲದೆ ಪ್ರತಿ 180 ದಿನಕ್ಕೆ 90 ದಿನ ಮಾತ್ರ, ಅದೂ ಷೆಂಗೆನ್ ದೇಶಗಳೆಲ್ಲ ಸೇರಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಫೋಟೋ ತೆಗೆದುಕೊಳ್ಳುವ ವ್ಯವಸ್ಥೆ ಶುರುವಾಗಿದೆ. ದಿನಗಳ ಲೆಕ್ಕವನ್ನು ಕಂಪ್ಯೂಟರೇ ಇಡುತ್ತದೆ. ಆದ್ದರಿಂದ ಮಗಳ ಮನೆ, ತಮ್ಮನ ಮನೆ ಎಂದು ಯುರೋಪಿನಲ್ಲಿ ಓಡಾಡುವ ನೆಂಟರಿದ್ದರೆ, ಟಿಕೆಟ್ ಮಾಡಿಸುವ ಮುಂಚೆ ದಿನ ಎಣಿಸಿಕೊಳ್ಳಲು ಹೇಳಿ.