ಕೈ ಮುಟ್ಟಿದ ಮರಿ, ನಾಲಿಗೆ ಮುಟ್ಟಿದ ಮರಿ

ಕಣ್ಣು ಬಿಡದ ನಾಯಿಮರಿಯನ್ನು ಮುಟ್ಟಿದರೆ ಮನುಷ್ಯರ ವಾಸನೆ ಹತ್ತಿ ತಾಯಿ ಅದನ್ನು ತಿಂದುಬಿಡುತ್ತದೆ ಎಂಬ ಮಾತು ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಮೈಸೂರಿನ ಬಡಾವಣೆಗಳಲ್ಲಿ ಲ್ಯಾಬ್, ಜರ್ಮನ್ ಶೆಫರ್ಡ್ ಮರಿ ಮಾಡಿಸಿ ಮಾರುವವರ ನಡುವೆ ಓಡಾಡುವ ನಂಬಿಕೆ ಇದಕ್ಕೆ ತದ್ವಿರುದ್ಧ: ಹುಟ್ಟಿದ 3ನೇ ದಿನದಿಂದ 16ನೇ ದಿನದವರೆಗೆ ಐದು ಕಸರತ್ತು ಮಾಡಿಸಿದರೆ ಮರಿ ‘ಸೂಪರ್ ಡಾಗ್’ ಆಗುತ್ತದಂತೆ. ಮೊದಲನೆಯದು ಸುಳ್ಳು. ಎರಡನೆಯದರ ಬುಡದಲ್ಲಿ ಸೊಗಸಾದ ವಿಜ್ಞಾನವೊಂದಿದೆ. ಮಾರುವವರು ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತಾರೆ.

ಸಾಕಿದ ನಾಯಿಗೆ ಮನೆಯವರ ವಾಸನೆ ಹೊಸದೇನಲ್ಲ. ತಾಯಿ ಒಂದು ಮರಿಯನ್ನು ಮೂಲೆಗೆ ತಳ್ಳಿದ್ದರೆ ಅದರ ಮೈ ಮುಟ್ಟಿ ನೋಡಿ, ಬಹಳ ಸಲ ತಣ್ಣಗಿರುತ್ತದೆ. ಕಚ್ಚಿ ಕೊಲ್ಲುವುದು ಕಾಣುವುದು ಹೆಚ್ಚಾಗಿ ಚೊಚ್ಚಲ ತಾಯಂದಿರಲ್ಲಿ, ಸಿಸೇರಿಯನ್ ಆಗಿ ಇನ್ನೂ ಮಂಪರಿನಲ್ಲಿರುವವುಗಳಲ್ಲಿ, ಇಲ್ಲವೇ ಬಂದವರೆಲ್ಲ ಇಣುಕುವ ವರಾಂಡದಲ್ಲಿ ಪೆಟ್ಟಿಗೆ ಇಟ್ಟಾಗ. ಹಳಬರ ಮಾತಿನಲ್ಲಿ ಇಷ್ಟು ಹುರುಳುಂಟು: ಪರಿಚಯವಿಲ್ಲದವರ ಕೈ ಬೇಡ.

ಇನ್ನು ಆ ಐದು ಕಸರತ್ತು. ದಿನಕ್ಕೆ ಒಂದೇ ಸಲ, ಒಂದೊಂದೂ 3ರಿಂದ 5 ಸೆಕೆಂಡು. ಕಿವಿಯ ಬಡ್ಸ್‌ನಿಂದ ಒಂದು ಪಾದದ ಬೆರಳ ಸಂದಿಯನ್ನು ಮೆಲ್ಲಗೆ ಸವರುವುದು. ಎರಡೂ ಕೈಯಲ್ಲಿ ಹಿಡಿದು ತಲೆ ಮೇಲೆ, ಬಾಲ ಕೆಳಗೆ ಬರುವಂತೆ ನೆಟ್ಟಗೆ ಎತ್ತುವುದು. ಅದನ್ನೇ ತಿರುಗಿಸಿ ತಲೆ ಕೆಳಗೆ ಮಾಡುವುದು. ಅಂಗೈಗಳ ಮೇಲೆ ಅಂಗಾತ ಮಲಗಿಸುವುದು. ಕೊನೆಗೆ, ಫ್ರಿಜ್ಜಿನಲ್ಲಿ 5 ನಿಮಿಷವಾದರೂ ಇಟ್ಟ ಒದ್ದೆ ಟವೆಲಿನ ಮೇಲೆ ಪಾದ ಊರುವಂತೆ ಬಿಡುವುದು. ಅದುಮಿ ಹಿಡಿಯಬಾರದು, ಸರಿದು ಹೋದರೆ ಹೋಗಲಿ. ಒಂದು ಮರಿಗೆ ಅರ್ಧ ನಿಮಿಷ ಸಾಕು.

ಇವೇ ಐದು ಏಕೆ? ಆ ವಯಸ್ಸಿನ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ. ರೆಪ್ಪೆ ಬಿಡುವುದು 10ರಿಂದ 14ನೇ ದಿನಕ್ಕೆ, ಕಿವಿಯ ನಾಳ ತೆರೆಯುವುದು ಅದಕ್ಕೂ ಸ್ವಲ್ಪ ಆಮೇಲೆ. ಅದರ ಬಳಿ ಇರುವುದು ಮೂಗು, ಚರ್ಮ, ಬಿಸಿ-ತಂಪಿನ ಅರಿವು ಮತ್ತು ಒಳಕಿವಿಯ ಸಮತೋಲನ. ಕಸರತ್ತುಗಳು ಮೂಗನ್ನು ಬಿಟ್ಟು ಉಳಿದ ಮೂರನ್ನೂ ತಟ್ಟುತ್ತವೆ.

ಪಟ್ಟಿ ಬಂದದ್ದು ಅಮೆರಿಕದಿಂದ. 1960ರ ದಶಕದ ಕೊನೆಯಿಂದ 70ರ ದಶಕದ ನಡುವೆ ಅಲ್ಲಿನ ಸೇನೆ ತನ್ನ ನಾಯಿಗಳಿಗಾಗಿ ‘ಬಯೋ ಸೆನ್ಸರ್’ ಎಂಬ ಕಾರ್ಯಕ್ರಮ ನಡೆಸಿತು. ಅದನ್ನು ತಳಿಗಾರರ ನಡುವೆ ಹರಡಿದವರು ಅಲ್ಲಿನ ನಾಯಿತಜ್ಞ ಕಾರ್ಮೆನ್ ಬಟಾಗ್ಲಿಯಾ. ಹೃದಯ ಗಟ್ಟಿಯಾಗುತ್ತದೆ, ಅಡ್ರಿನಲ್ ಗ್ರಂಥಿ ಬಲವಾಗುತ್ತದೆ, ರೋಗ ತಡೆಯುವ ಶಕ್ತಿ ಹೆಚ್ಚುತ್ತದೆ ಎಂಬ ಲಾಭದ ಪಟ್ಟಿಯೂ ಜೊತೆಗೇ ಬಂತು. ಸೇನೆ ಅದೇ ಕಾಲದಲ್ಲಿ ಒಳ್ಳೆಯ ತಂದೆ-ತಾಯಿಯನ್ನೂ ಆರಿಸಿ ಕೂಡಿಸುತ್ತಿತ್ತು. ಮರಿ ಚುರುಕಾದದ್ದು ಬಡ್ಸ್‌ನಿಂದಲೋ ರಕ್ತದಿಂದಲೋ ಎಂದು ಬಿಡಿಸಿ ಹೇಳುವುದು ಹೇಗೆ? ಇಂದು 3 ಮತ್ತು 16 ಎಂಬ ಅಂಕಿಗಳನ್ನು ಮುಹೂರ್ತದಂತೆ ಪಾಲಿಸುವವರಿದ್ದಾರೆ. 17ನೇ ದಿನ ಬೆಳಿಗ್ಗೆ ಮಿದುಳಿನಲ್ಲಿ ಯಾವ ಬಾಗಿಲೂ ಧಡಾರನೆ ಮುಚ್ಚುವುದಿಲ್ಲ.

ನಿಜವಾದ ಕಥೆ ಇರುವುದು ಇಲಿಗಳಲ್ಲಿ. 1950ರ ದಶಕದಲ್ಲಿ ಮನೋವಿಜ್ಞಾನಿ ಸೀಮೋರ್ ಲೆವಿನ್ ಎಳೆಯ ಇಲಿಮರಿಗಳಿಗೆ ದಿನವೂ ಸಣ್ಣ ಶಾಕ್ ಕೊಟ್ಟರು. ಇನ್ನೊಂದು ಗುಂಪನ್ನು ಶಾಕ್ ಇಲ್ಲದೆ ಬರೀ ಗೂಡಿನಿಂದ ಎತ್ತಿ ವಾಪಸ್ ಇಟ್ಟರು. ಮೂರನೆಯದನ್ನು ಮುಟ್ಟಲೇ ಇಲ್ಲ. ಶಾಕ್ ತಿಂದವು ಪುಕ್ಕಲಾಗುತ್ತವೆಂದು ಯಾರಾದರೂ ಊಹಿಸುತ್ತಾರೆ. ಬೆಳೆದ ಮೇಲೆ ಪುಕ್ಕಲಾಗಿದ್ದವು ಮುಟ್ಟದೆ ಬಿಟ್ಟ ಮರಿಗಳು. ಮಿಕ್ಕ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಅಂದರೆ ಶಾಕ್‌ಗೆ ಇದರಲ್ಲಿ ಪಾತ್ರವಿರಲಿಲ್ಲ, ಗೂಡಿನಿಂದ ಹೊರಗೆ ಹೋಗಿ ಬಂದದ್ದಕ್ಕೆ ಇತ್ತು.

ಹೋಗಿ ಬಂದಾಗ ಏನಾಗುತ್ತದೆ? ತಾಯಿ ಮರಿಯನ್ನು ಹಿಡಿದು ನೆಕ್ಕುತ್ತದೆ, ಮಾಮೂಲಿಗಿಂತ ಹೆಚ್ಚೇ ನೆಕ್ಕುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ಅವರ ತಂಡ ಈ ನಾಲಿಗೆಯ ಬೆನ್ನು ಹತ್ತಿತು. ಯಾರ ಕೈಯೂ ತಾಗದಿದ್ದರೂ ಕೆಲವು ತಾಯಿಲಿಗಳು ಹುಟ್ಟಾ ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಒತ್ತಡದ ಹಾರ್ಮೋನು ಅವುಗಳಲ್ಲಿ ಕಡಿಮೆ ಏರುತ್ತಿತ್ತು, ಬೇಗ ಇಳಿಯುತ್ತಿತ್ತು. 1997ರಲ್ಲಿ ಇದು ಪ್ರಕಟವಾಯಿತು.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಗಾಬರಿಯಾದಾಗ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಗೆ, ಪಿಟ್ಯುಟರಿ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ. ನಾಯಿಯಲ್ಲೂ ನಮ್ಮಲ್ಲೂ ಅಲ್ಲಿಂದ ಹೊರಡುವುದು ಮುಖ್ಯವಾಗಿ ಕಾರ್ಟಿಸಾಲ್. ಓಡಲೋ ಕಾದಾಡಲೋ ಬೇಕಾದ ಸಕ್ಕರೆಯನ್ನು ರಕ್ತಕ್ಕೆ ಒದಗಿಸುವುದು ಅದರ ಕೆಲಸಗಳಲ್ಲೊಂದು. ಶುರುವಾಗುವುದು ಕಷ್ಟವಲ್ಲ, ನಿಲ್ಲಬೇಕಲ್ಲ! ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಇರುವ ಹಾಗೆ ಇದಕ್ಕೂ ಒಂದು ತಡೆ ಇದೆ: ಏರಿದ ಹಾರ್ಮೋನೇ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ತನ್ನನ್ನು ಹಿಡಿದುಕೊಳ್ಳುವ ಗ್ರಾಹಕಗಳಿಗೆ (ರಿಸೆಪ್ಟರ್) ಹೋಗಿ ಕೂತು ‘ಸಾಕು’ ಅನ್ನಿಸುತ್ತದೆ. ಗ್ರಾಹಕಗಳು ಹೆಚ್ಚಿದ್ದರೆ ಸ್ವಲ್ಪ ಏರಿದೊಡನೆ ಬಂದ್. ಕಡಿಮೆಯಿದ್ದರೆ ಟ್ಯಾಂಕು ತುಂಬಿ ಹರಿಯುತ್ತಲೇ ಇರುತ್ತದೆ. ಆ ಗ್ರಾಹಕಗಳನ್ನು ಕಟ್ಟುವ ವಂಶವಾಹಿಯ ಮೊದಲ ಭಾಗಕ್ಕೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಿದ್ದರೆ ಜೀವಕೋಶ ಅದನ್ನು ಸರಿಯಾಗಿ ಓದಲಾರದು. ಹೆಚ್ಚು ನೆಕ್ಕಿಸಿಕೊಂಡ ಇಲಿಮರಿಗಳಲ್ಲಿ ಆ ಅಂಟು ಕಡಿಮೆ ಎಂದು 2004ರಲ್ಲಿ ಅದೇ ತಂಡ ತೋರಿಸಿತು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹುಟ್ಟಿದೊಡನೆ ಹೆಚ್ಚು ನೆಕ್ಕುವ ತಾಯಿಯ ಮಡಿಲಿಗೆ ಹಾಕಿದರೆ ಅದೂ ಸಾಕುತಾಯಿಯ ಮರಿಗಳಂತೆಯೇ ಆಯಿತು. ಹುಟ್ಟುಗುಣ ಎಂದು ಕೈ ಚೆಲ್ಲುವವರು ಈ ಒಂದು ಪ್ರಯೋಗವನ್ನು ಓದಬೇಕು.

ಇಲಿಯದನ್ನು ನಾಯಿಗೆ ಹಾಗೆಯೇ ಹೊಂದಿಸಬಾರದು. ನೆಲಬಾಂಬು ಪತ್ತೆ ಮಾಡುವ ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ಕಸರತ್ತು ಮಾಡಿಸಿದ ಮರಿಗಳಿಗೂ ಅಷ್ಟೇ ಹೊತ್ತು ಸುಮ್ಮನೆ ಕೈಯಲ್ಲಿ ಹಿಡಿದ ಮರಿಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ಕುರುಡರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ‘ಸೀಯಿಂಗ್ ಐ’ ಸಂಸ್ಥೆಯ ಮರಿಗಳ ಮೇಲಿನ 2017ರ ವರದಿ ಇನ್ನೂ ಕುತೂಹಲದ್ದು: ಸದಾ ಮೈಮೇಲೇ ಇದ್ದು ಮುದ್ದಿಸುವ ತಾಯಿಯ ಮರಿಗಳು ಮುಂದೆ ತರಬೇತಿಯಲ್ಲಿ ಹೆಚ್ಚಾಗಿ ಫೇಲಾದವು; ತಾಯಿ ನಿಂತು ಹಾಲೂಡಿ, ಮೊಲೆಗಾಗಿ ಒದ್ದಾಡಿಸಿದ ಮರಿಗಳು ಹೆಚ್ಚಾಗಿ ಪಾಸಾದವು. ಸಣ್ಣ ಕಷ್ಟ, ಬೇಗ ಸಮಾಧಾನ, ಎರಡೂ ಬೇಕು. ಅಳತೆ ಮೀರಿದರೆ ಕೆಡುತ್ತದೆ: ದಿನಕ್ಕೆ 15 ನಿಮಿಷ ತಾಯಿಯಿಂದ ದೂರವಿದ್ದ ಇಲಿಮರಿ ದಿಟ್ಟವಾದರೆ, 3 ಗಂಟೆ ದೂರವಿಟ್ಟದ್ದು ಇನ್ನಷ್ಟು ಗಾಬರಿಯದಾಯಿತು.

ಹಾಗಾದರೆ ಕಸರತ್ತು ಮಾಡಿಸಬೇಕೋ ಬೇಡವೋ? ಮಾಡಿಸಿ, ಆದರೆ ಹೆಚ್ಚು ಕೆಲಸ ಮಾಡುವುದು ಅದರ ಸುತ್ತಲಿನ ಶಿಸ್ತು. ದಿನವೂ ಒಂದೇ ಹೊತ್ತಿಗೆ ತಾಯಿಯನ್ನು ಮೂತ್ರಕ್ಕೆ ಹೊರಗೆ ಕಳಿಸಿ, ಸೋಪಿನಲ್ಲಿ ಕೈ ತೊಳೆದು, ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೊದಲು ಮರಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ. ಮೊದಲ ದಿನ ತೂಕ ತುಸು ಇಳಿಯಬಹುದು. ಆಮೇಲೆ ದಿನಕ್ಕೆ ಹುಟ್ಟುತೂಕದ ಶೇ 5ರಿಂದ 10ರಷ್ಟು ಏರಬೇಕು. 400 ಗ್ರಾಂ ಇದ್ದ ಲ್ಯಾಬ್ ಮರಿ 10ನೇ ದಿನದ ಸುಮಾರಿಗೆ 800 ಮುಟ್ಟಬೇಕು. ಏರದ ಮರಿಗೆ, ತಣ್ಣಗಿರುವ ಮರಿಗೆ, ಕುಂಯ್‌ಗುಟ್ಟುತ್ತಲೇ ಇರುವ ಮರಿಗೆ ಅಂದು ಕಸರತ್ತಿಲ್ಲ, ಡಾಕ್ಟರಿಗೆ ಫೋನು. ಹೊಟ್ಟೆ ತುಂಬಾ ಕುಡಿದ ಮರಿಯನ್ನು ತಲೆಕೆಳಗೆ ಮಾಡಿದರೆ, ಅಂಗಾತ ಹಾಕಿದರೆ ಹಾಲು ಉಕ್ಕಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆದ್ದರಿಂದ ಹಾಲಿಗೆ ಮುಂಚೆ ಮಾಡಿ. ಮುಗಿದ ಕೂಡಲೇ ತಾಯಿಯನ್ನು ಒಳಗೆ ಬಿಟ್ಟು ನೆಕ್ಕಲು ಬಿಡಿ. ಈ ಕೊನೆಯ ಹೆಜ್ಜೆಯನ್ನೇ ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒದ್ದೆ ಟವೆಲ್ ವಿಚಾರದಲ್ಲಿ ನನ್ನದು ತಕರಾರಿದೆ. ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ. ಅದರ ಮೈಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್, ಅದೂ ಸುತ್ತಲಿನಿಂದ ಪಡೆದದ್ದು. ಡಿಸೆಂಬರ್‌ನ ಮೈಸೂರಿನ ಮುಂಜಾವಿನಲ್ಲಿ, ರೆಡ್ ಆಕ್ಸೈಡ್ ನೆಲದ ಮನೆಯಲ್ಲಿ, ಇನ್ನೊಂದು ತಂಪು ಯಾಕೆ? ಬಿಟ್ಟರೆ ನಷ್ಟವಿಲ್ಲ. ಪೆಟ್ಟಿಗೆಯಲ್ಲಿ ಮರಿ ಮಲಗುವ ಮಟ್ಟದಲ್ಲೇ ಥರ್ಮಾಮೀಟರ್ ಇಟ್ಟು ಮೊದಲ ವಾರ 29ರಿಂದ 32 ಡಿಗ್ರಿ ಕಾಪಾಡಿ. ಬಲ್ಬನ್ನು ಒಂದೇ ಬದಿಗೆ ಕಟ್ಟಿ, ಸೆಕೆಯಾದರೆ ಮರಿ ತೆವಳಿ ಆಚೆ ಹೋಗಲು ಜಾಗವಿರಲಿ. ಏಪ್ರಿಲ್‌ನ ಮಂಡ್ಯದಲ್ಲಿ ಶೀಟಿನ ಮನೆಯೊಳಗೆ ಬಲ್ಬು ಉರಿಸುವುದು ಮರಿಗಳನ್ನು ಒಣಗಿಸುವ ದಾರಿ. ಕರೆಂಟು ಹೋದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಡಿ. ತಣ್ಣಗಾದ ಮರಿಗೆ ಮೊದಲು ನಿಧಾನವಾಗಿ ಬಿಸಿ, ಆಮೇಲೆ ಹಾಲು. ಕರುಳು ನಿಂತಿರುವಾಗ ಕುಡಿಸಿದ್ದು ಜೀರ್ಣವಾಗದು. ನುಣುಪಾದ ಪೇಪರ್ ಮೇಲೆ ಬೆಳೆದ ಮರಿಯ ಕಾಲು ಅಗಲಕ್ಕೆ ಜಾರುತ್ತದೆ, ಗೋಣಿಚೀಲದ ನಾರು ಬೆರಳಿಗೆ ಸುತ್ತಿಕೊಳ್ಳುತ್ತದೆ. ಒಗೆದ ಹತ್ತಿಯ ಹಳೇ ಜಮಖಾನ ವಾಸಿ. ನೀರು ಬೆರೆಸಿದ ಹಸುವಿನ ಹಾಲಂತೂ ಬೇಡ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ಹಸುವಿನದರ ಎರಡರಷ್ಟಿದ್ದು ಲ್ಯಾಕ್ಟೋಸ್ ಕಡಿಮೆ. ಹಸುವಿನ ಹಾಲನ್ನು ಮತ್ತೆ ತೆಳು ಮಾಡಿ ಕುಡಿಸಿದರೆ ಹೊಟ್ಟೆ ತುಂಬಿಯೂ ಮರಿ ಸೊರಗುತ್ತದೆ.

ಸ್ವಭಾವ ನಿಜವಾಗಿ ರೂಪುಗೊಳ್ಳುವುದು 3ನೇ ವಾರದ ನಂತರ. 1961ರಲ್ಲಿ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಸೋಂಕಿಲ್ಲದೆ ಮರಿಗಳನ್ನು ಬೆಳೆಸಿ ನೋಡಿದರು. 14 ವಾರದವರೆಗೆ ಯಾರೂ ಮುಟ್ಟದಿದ್ದವು ಕಾಡುಪ್ರಾಣಿಗಳಂತೆ ಉಳಿದವು. ದಸರೆಗೆ ಮುನ್ನ ನಮ್ಮ ಆನೆ-ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಮಾಡಿಸುವುದನ್ನು ಮೈಸೂರಿನವರು ನೋಡಿದ್ದೀರಿ. ಬೆಳೆದ ಪ್ರಾಣಿಗೆ ಅಷ್ಟೆಲ್ಲ ಶ್ರಮ ಹಿಡಿಯುತ್ತದೆ. ಮರಿಗೆ 3ರಿಂದ 8ನೇ ವಾರದೊಳಗೆ ಪಕ್ಕದ ಕೋಣೆಯ ಮಿಕ್ಸಿ, ಕುಕ್ಕರ್ ವಿಷಲ್, ಸಣ್ಣ ದನಿಯಲ್ಲಿ ಮೊಬೈಲಿನಿಂದ ಪಟಾಕಿ ಸದ್ದು ಕೇಳಿಸಿ. ಬೆಚ್ಚಿ ಅರೆಗಳಿಗೆಯಲ್ಲಿ ಸುಧಾರಿಸಿಕೊಂಡರೆ ಸರಿ, ಮೂಲೆ ಸೇರಿದರೆ ದನಿ ಇಳಿಸಿ. ಗ್ರಾನೈಟ್, ಚಾಪೆ, ಹುಲ್ಲು, ಟಾರ್ಪಾಲಿನ್ ಮೇಲೆ ಓಡಾಡಿಸಿ. ಮೀಸೆಯವರು, ಹೆಲ್ಮೆಟ್ಟಿನವರು, ಸೀರೆಯವರು, ಮಕ್ಕಳು ಎತ್ತಿಕೊಳ್ಳಲಿ, ಪಾರ್ವೊ ಎಂಬ ವೈರಸ್ ರೋಗದ ಭಯವಿರುವುದರಿಂದ ಚಪ್ಪಲಿ ಹೊರಗೆ ಬಿಟ್ಟು. ಬೀದಿಯ ನೆಲಕ್ಕೆ ಮರಿಯನ್ನು ಇಳಿಸಬೇಡಿ. ಜಂತುಹುಳು ಗರ್ಭದಲ್ಲೇ ತಾಯಿಯಿಂದ ದಾಟಿರುತ್ತದಾದ್ದರಿಂದ 2ನೇ ವಾರದಿಂದ ಎರಡು ವಾರಕ್ಕೊಮ್ಮೆ, ಡಾಕ್ಟರು ತೂಕ ನೋಡಿ ಹೇಳಿದಷ್ಟು ಔಷಧಿ. ಮೊದಲ ಲಸಿಕೆ 6ರಿಂದ 8ನೇ ವಾರಕ್ಕೆ.

ಹದಿನಾಲ್ಕು ದಿನ ಬಡ್ಸ್ ಹಿಡಿದು ಕೂತವರೇ ಮೂವತ್ತನೇ ದಿನಕ್ಕೆ ಮರಿ ಕೈಗಿಟ್ಟು ಕಳಿಸುವುದು ನಮ್ಮಲ್ಲಿ ಮಾಮೂಲು. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಒಡಹುಟ್ಟಿದವುಗಳ ಜೊತೆ ಆಡಿ ಕಲಿಯುವುದು ಅದರ ಮುಂದಿನ ವಾರಗಳಲ್ಲಿ. 8 ವಾರ ತುಂಬದ ಮರಿ ಮಾರುವುದು ಕೇಂದ್ರದ 2017ರ ನಾಯಿ ತಳಿ ಸಂವರ್ಧನೆ ನಿಯಮಗಳ ಪ್ರಕಾರ ತಪ್ಪು ಕೂಡ. ಕೊಳ್ಳುವವರು ಇಎನ್‌ಎಸ್ (ಅರ್ಲಿ ನ್ಯೂರಲಾಜಿಕಲ್ ಸ್ಟಿಮ್ಯುಲೇಷನ್, ಅಂದರೆ ಇದೇ ಐದು ಕಸರತ್ತು) ಮಾಡಿಸಿದ್ದೀರಾ ಎಂದು ಕೇಳುವ ಬದಲು ಮುಂಗಡ ಕೊಡುವ ಮುನ್ನ ಮೂರು ಕೇಳಲಿ: ಪ್ರತಿದಿನದ ತೂಕ ಬರೆದ ಪುಸ್ತಕ, ಜಂತುಔಷಧಿ ಕೊಟ್ಟ ತಾರೀಖುಗಳು, ಮತ್ತು ತಾಯಿ ನಾಯಿಯನ್ನು ಮರಿಗಳ ಜೊತೆಯಲ್ಲೇ ನೋಡಲು ಹತ್ತು ನಿಮಿಷ.